ಪದಚರ್ಚೆ: ಕುಸ್ತಿ ‘ಟೈಟಲ್’ಗೆ ಪ್ರಶಸ್ತಿ ಅನ್ನೋದಾ, ಬಿರುದು ಅನ್ನೋದಾ, ಪಟ್ಟ ಅನ್ನೋದಾ?

ಎಲ್ಲರಿಗೂ ನಮಸ್ಕಾರ. ಫಲಿತಾಂಶ ಮೊದಲೇ ನಿಶ್ಚಯ ಮಾಡಿ ಕುಸ್ತಿ ಆಡಿಸೋ ಅಮೆರಿಕದ ಕಂಪನಿ ಡಬ್ಲ್ಯೂಡಬ್ಲ್ಯೂಇ ಹೆಂಗಸರ ಚಾಂಪಿಯನ್‌ಶಿಪ್‌ ಇದೆಯಲ್ಲ, ಅದರ ಇತಿಹಾಸ ಕನ್ನಡದಲ್ಲಿ ಬರೀತಾ ಇದೀನಿ, 1956ರಿಂದ ಹಿಡಿದು ಮೊನ್ನೆ ಮೊನ್ನೆಯವರೆಗೂ. ಯಾರು ಯಾವಾಗ ಗೆದ್ರು, ಯಾರ ಕೈಗೆ ಹೋಯ್ತು ಅನ್ನೋದೆಲ್ಲ ಸರಿಯಾಗಿ ಜೋಡಿಸಿಟ್ಕೊಂಡಿದೀನಿ, ಆದ್ರೆ ‘ಟೈಟಲ್’ ಅನ್ನೋ ಪದಕ್ಕೇ ಗಾಡಿ ನಿಂತಿದೆ. ನನ್ನ ಮನಸ್ಸು ‘ಪಟ್ಟ’ದ ಕಡೆ ಇದೆ, ಯಾಕೆ ಅಂತ ಹೇಳ್ತೀನಿ, ನಿಮಗೆ ಒಪ್ಪಿಗೆ ಇಲ್ದಿದ್ರೆ ಬಿಡಿಸಿ ಹೇಳಿ, ಮತ್ತೆ ಇದರ ಜೊತೆಗೇ ಇನ್ನೂ ನಾಕೈದು ಪದಗಳ ವಿಚಾರನೂ ಇದೆ.

ಪೇಪರ್‌ನಲ್ಲಿ ಸಾಮಾನ್ಯವಾಗಿ ‘ಪ್ರಶಸ್ತಿ ಮುಡಿಗೇರಿಸಿಕೊಂಡರು’ ಅಂತ ಬರೀತಾರೆ. ಟೆನಿಸ್‌ಗೆ ಸರಿ, ಆ ವರ್ಷದ ಟೂರ್ನಿ ಗೆದ್ರು, ಕಪ್ ಮನೆಗೆ ಒಯ್ದ್ರು, ಮುಗೀತು. ಕುಸ್ತಿ ಟೈಟಲ್ ಹಾಗಲ್ಲ, ಅದು ಒಂದೇ ಇರೋದು, ಇವತ್ತು ಇವರ ಹತ್ರ ಇದ್ರೆ ನಾಳೆ ಇನ್ನೊಬ್ಬರ ಹತ್ರ, ಇಟ್ಕೊಂಡವರು ಪ್ರತಿ ಸಲವೂ ಅದನ್ನ ಪಣಕ್ಕಿಟ್ಟು ಆಡಬೇಕು. ‘ಪ್ರಶಸ್ತಿ ಕಳೆದುಕೊಂಡರು’ ಅಂತ ಬರೆದ್ರೆ ಯಾರೋ ಕದ್ದೊಯ್ದ ಹಾಗೆ ಕೇಳಿಸುತ್ತೆ. ‘ಬಿರುದು’ ಇನ್ನೂ ದೂರ. ಮೈಸೂರು ದಸರಾ ಕುಸ್ತಿಯಲ್ಲಿ ದಸರಾ ಕೇಸರಿ, ದಸರಾ ಕಂಠೀರವ, ಹೆಣ್ಮಕ್ಕಳಿಗೆ ದಸರಾ ಕಿಶೋರಿ ಅಂತ ಕೊಡ್ತಾರಲ್ಲ, ಅದು ಬಿರುದು, ಗೆದ್ದವರ ಹೆಸರಿನ ಹಿಂದೆ ಜೀವನಪೂರ್ತಿ ಇರುತ್ತೆ, ಮುಂದಿನ ವರ್ಷ ಇನ್ನೊಬ್ಬರು ಗೆದ್ರೂ ಹಳಬರಿಂದ ಯಾರೂ ಕಿತ್ಕೊಳ್ಳಲ್ಲ.

ಇನ್ನು ‘ಪಟ್ಟ’. ಪಟ್ಟ ಅಂದ್ರೆ ಮೂಲದಲ್ಲಿ ಕಟ್ಟೋ ವಸ್ತುವೇ, ಹಣೆಗೆ ಕಟ್ಟೋ ಚಿನ್ನದ ಪಟ್ಟಿ, ಅದಕ್ಕೇ ಪಟ್ಟ ‘ಕಟ್ಟೋದು’, ಪಟ್ಟಬಂಧ ಅನ್ನೋದೂ ಅದರಿಂದಲೇ ಬಂದಿದ್ದು. ಇಲ್ಲೂ ಚಾಂಪಿಯನ್ ಆದವರ ಸೊಂಟಕ್ಕೆ ಬೆಲ್ಟ್ ಕಟ್ತಾರೆ. ಪಟ್ಟಕ್ಕೆ ಬರೋದು, ಪಟ್ಟ ಉಳಿಸ್ಕೊಳ್ಳೋದು, ಪಟ್ಟದಿಂದ ಇಳಿಸೋದು, ಪಟ್ಟ ಬಿಟ್ಟುಕೊಡೋದು, ಈ ಕ್ರಿಯಾಪದಗಳೆಲ್ಲ ಮೊದಲೇ ಕನ್ನಡದಲ್ಲಿ ತಯಾರಾಗಿವೆ. ಒಬ್ಬರು ಚಾಂಪಿಯನ್ ಆಗಿರೋ ಅವಧಿಗೆ ಇಂಗ್ಲಿಷ್‌ನಲ್ಲಿ ‘ರೇನ್’ ಅಂತಾರಲ್ಲ, ಅದಕ್ಕೂ ಬೇರೆ ನಾಮಪದ ಹುಡುಕೋದು ಬೇಕಿಲ್ಲ, ‘ಟ್ರಿಶ್ ಸ್ಟ್ರಾಟಸ್ ಏಳು ಸಲ ಪಟ್ಟಕ್ಕೆ ಬಂದ್ರು’ ಅಂದ್ರೆ ಸಾಕು. ಎರಡು ತೊಡಕು ಇವೆ: ‘ಪಟ್ಟದರಸಿ’ ಅಂದ ತಕ್ಷಣ ರಾಜನ ಹೆಂಡತಿ ಅನ್ನೋ ಅರ್ಥ ಬಂದುಬಿಡುತ್ತೆ, ಹಂಗಾಗಿ ಆ ಸಮಾಸ ಬೇಡ, ಇನ್ನೊಂದು, ‘ಕಳ್ಳ ಅನ್ನೋ ಪಟ್ಟ ಕಟ್ಟಿದ್ರು’ ಅನ್ನೋ ಬಳಕೆ, ಅದನ್ನ ‘ಚಾಂಪಿಯನ್ ಪಟ್ಟ’ ಅಂತ ಪೂರ್ತಿ ಬರೆದು ತಪ್ಪಿಸಬಹುದು.

ಈಗ ಇತಿಹಾಸಕ್ಕೆ ಬರ್ತೀನಿ, ಯಾಕಂದ್ರೆ ಪದ ಸರಿ ಹೊಂದುತ್ತೋ ಇಲ್ವೋ ಅನ್ನೋದು ಕಥೆ ಹೇಳುವಾಗಲೇ ಗೊತ್ತಾಗೋದು. ಅಮೆರಿಕದಲ್ಲಿ ಹೆಂಗಸರ ಕುಸ್ತಿಗೆ ಮೊದಲ ದೊಡ್ಡ ಹೆಸರು ಮಿಲ್ಡ್ರೆಡ್ ಬರ್ಕ್, 1937ರಲ್ಲಿ ಕ್ಲಾರಾ ಮಾರ್ಟೆನ್ಸನ್‌ರನ್ನ ಸೋಲಿಸಿ ವಿಶ್ವ ಚಾಂಪಿಯನ್ ಆದವರು. 1954ರ ಆಗಸ್ಟ್‌ನಲ್ಲಿ ಅಟ್ಲಾಂಟಾದಲ್ಲಿ ಜೂನ್ ಬೈಯರ್ಸ್ ಜೊತೆ ಅವರಿಗೆ ಒಂದು ಪಂದ್ಯ ಆಯ್ತು, ಮೂರರಲ್ಲಿ ಎರಡು ಗೆಲ್ಲಬೇಕಿದ್ದ ಪಂದ್ಯ, ಅದೂ ಮೊದಲೇ ಮಾತಾಡ್ಕೊಂಡ ಫಲಿತಾಂಶ ಇಲ್ದೆ ನಿಜವಾಗಿ ಆಡಿದ್ದು. ಮೊದಲನೇದನ್ನ ಬೈಯರ್ಸ್ ಗೆದ್ರು, ಎರಡನೇದು ಮುಗಿಯೋ ಮುಂಚೆ ಪಂದ್ಯ ನಿಲ್ಲಿಸಿಬಿಟ್ರು. ಬರ್ಕ್ ‘ನಾನು ಸೋತಿಲ್ಲ’ ಅಂದ್ರು, ಆದ್ರೂ ಬೈಯರ್ಸ್‌ರನ್ನೇ ಚಾಂಪಿಯನ್ ಅಂತ ಒಪ್ಪಿಕೊಂಡ್ರು. ಬರ್ಕ್ ತಮ್ಮದೇ ಬೇರೆ ಸಂಸ್ಥೆ ಕಟ್ಟಿದ್ರು, ಅವರ ಆ ಪಟ್ಟ ಆಮೇಲೆ ಜಪಾನಿಗೆ ಹೋಗಿ ಅಲ್ಲಿ ‘ಕೆಂಪು ಬೆಲ್ಟ್’ ಅಂತಲೇ ಹೆಸರಾಯ್ತು, ಅಲ್ಲಿನವರು ಪಟ್ಟಕ್ಕೆ ಬೆಲ್ಟಿನ ಬಣ್ಣವನ್ನೇ ಹೆಸರು ಮಾಡ್ಕೊಂಡ್ರು, ಎಷ್ಟು ಚೆಂದ ನೋಡಿ.

ಈ ಗಲಾಟೆ ನಡುವೆ 1956ರ ಸೆಪ್ಟೆಂಬರ್ 18ಕ್ಕೆ ಬಾಲ್ಟಿಮೋರ್‌ನಲ್ಲಿ 13 ಜನ ಹೆಂಗಸರನ್ನ ಒಟ್ಟಿಗೆ ಒಂದೇ ರಿಂಗಿಗೆ ಇಳಿಸಿ ಆಡಿಸಿದ್ರು, ಕೊನೆಗೆ ಜೂಡಿ ಗ್ರೇಬಲ್‌ರನ್ನ ಸೋಲಿಸಿ ಉಳಿದವರು ಲಿಲಿಯನ್ ಎಲಿಸನ್, ರಿಂಗ್ ಹೆಸರು ಫ್ಯಾಬ್ಯುಲಸ್ ಮೂಲಾ. (ಮೂಲಾ ಅಂದ್ರೆ ಅಲ್ಲಿನ ಆಡುಮಾತಲ್ಲಿ ದುಡ್ಡು, ಕನ್ನಡದಲ್ಲಿ ಬರೆದ್ರೆ ನಕ್ಷತ್ರ ನೆನಪಾಗುತ್ತೆ, ಏನೂ ಮಾಡೋಕಾಗಲ್ಲ.) ಶುರುವಲ್ಲಿ ಅಮೆರಿಕದ ಕುಸ್ತಿ ಸಂಸ್ಥೆಗಳ ಒಕ್ಕೂಟ ಎನ್‌ಡಬ್ಲ್ಯೂಎ ಇದನ್ನ ಒಪ್ಪಿರಲಿಲ್ಲ, 1964ರಲ್ಲಿ ಬೈಯರ್ಸ್ ರಿಟೈರ್ ಆದಮೇಲೆ ಒಪ್ಪಿತು. ನ್ಯೂಯಾರ್ಕ್ ರಾಜ್ಯದಲ್ಲಂತೂ 1972ರವರೆಗೆ ಹೆಂಗಸರ ಕುಸ್ತಿಗೇ ನಿಷೇಧ ಇತ್ತು, ಅದು ತೆರವಾದ ಮೇಲೆ ಅಲ್ಲಿನ ದೊಡ್ಡ ಒಳಾಂಗಣ ಕ್ರೀಡಾಂಗಣ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೊದಲು ಆಡಿದವರಲ್ಲಿ ಮೂಲಾ ಒಬ್ಬರು.

1956ರಿಂದ 1984ರ ಜುಲೈವರೆಗೆ, ಅಂದ್ರೆ 27 ವರ್ಷ 10 ತಿಂಗಳು, ಪಟ್ಟ ಅವರದೇ ಅಂತ ಡಬ್ಲ್ಯೂಡಬ್ಲ್ಯೂಇ ಕಂಪನಿ ಲೆಕ್ಕ, ‘28 ವರ್ಷ’ ಅಂತ ಹೇಳ್ತಾರೆ. ನಿಜಕ್ಕೂ ನಡುವೆ ಬೆಟ್ಟಿ ಬೂಷೇ, ಯುಕಿಕೊ ತೊಮೋಯೆ, ಸೂ ಗ್ರೀನ್, ಎವೆಲಿನ್ ಸ್ಟೀವನ್ಸ್ ಇವರಿಗೆಲ್ಲ ಸ್ವಲ್ಪ ಸ್ವಲ್ಪ ದಿನ ಸೋತಿದಾರೆ, ಕಂಪನಿ ಅದನ್ನ ಲೆಕ್ಕಕ್ಕೆ ಹಿಡಿಯಲ್ಲ. ಈ ನಾಲ್ಕು ಹೆಸರು ನನ್ನ ಬರಹದಲ್ಲಿ ಖಂಡಿತ ಇರುತ್ತೆ, ಗೆದ್ದವರನ್ನ ಪಟ್ಟಿಯಿಂದ ಒರೆಸಿಹಾಕೋದು ನನಗೆ ಸರಿ ಕಾಣಲ್ಲ. ಆದ್ರೆ ‘ಕಂಪನಿ ಮಾನ್ಯ ಮಾಡದ ಪಟ್ಟಾವಧಿ’ ಅಂತ ಬರೆದ್ರೆ ಸರ್ಕಾರಿ ನೋಟಿಸ್ ಥರ ಆಗುತ್ತೆ. ‘ಲೆಕ್ಕಕ್ಕೆ ಹಿಡಿಯದ ಗೆಲುವು’ ಅಂದ್ರೆ ಹೇಗೆ?

ಇನ್ನೊಂದು ಸಂಗತಿ, ಮೂಲಾ ಪಟ್ಟದ ಹಕ್ಕನ್ನೂ ತಾವೇ ಇಟ್ಕೊಂಡಿದ್ರು, 80ರ ದಶಕದ ಮೊದಲ ಭಾಗದಲ್ಲಿ ಅದನ್ನ ಈಗಿನ ಡಬ್ಲ್ಯೂಡಬ್ಲ್ಯೂಇ, ಆಗಿನ ಡಬ್ಲ್ಯೂಡಬ್ಲ್ಯೂಎಫ್‌ಗೆ ಮಾರಿದ್ರು. ಪ್ರಶಸ್ತಿ ಮಾರೋದು, ಬಿರುದು ಮಾರೋದು ಅಂದ್ರೆ ಕನ್ನಡದಲ್ಲಿ ನಾಚಿಕೆಗೇಡು ಅನ್ನೋ ಅರ್ಥ ಬರುತ್ತೆ, ‘ಪಟ್ಟದ ಹಕ್ಕು ಮಾರಿದ್ರು’ ಅಂದ್ರೆ ವ್ಯವಹಾರ ವ್ಯವಹಾರವಾಗೇ ಉಳಿಯುತ್ತೆ. ಪಟ್ಟದ ಪರವಾಗಿ ನನಗೆ ಸಿಕ್ಕ ಗಟ್ಟಿ ಸಾಕ್ಷಿ ಇದೇ.

ಮಾರಾಟ ಆದಮೇಲೆ 1984ರ ಜುಲೈ 23ಕ್ಕೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ವೆಂಡಿ ರಿಕ್ಟರ್ ಮೂಲಾರನ್ನ ಸೋಲಿಸಿದ್ರು, ರಿಕ್ಟರ್ ಕಡೆ ಗಾಯಕಿ ಸಿಂಡಿ ಲಾಪರ್ ನಿಂತಿದ್ರು, ಎಂಟಿವಿಯಲ್ಲಿ ನೇರ ಪ್ರಸಾರ. ಮುಂದಿನ ಫೆಬ್ರವರಿಯಲ್ಲಿ ಲೈಲಾನಿ ಕೈ ಗೆದ್ರು, ಮಾರ್ಚ್ 31ಕ್ಕೆ ಕಂಪನಿ ವರ್ಷಕ್ಕೊಮ್ಮೆ ನಡೆಸೋ ದೊಡ್ಡ ಪ್ರದರ್ಶನ, ಮೊದಲನೇ ರೆಸಲ್‌ಮೇನಿಯಾದಲ್ಲಿ ರಿಕ್ಟರ್ ವಾಪಸ್ ಗೆದ್ರು. ಆಮೇಲೆ ಬರೋ 1985ರ ನವೆಂಬರ್ 25, ನನಗೆ ಭಾಷೆ ಅತಿ ಹೆಚ್ಚು ಕೈಕೊಟ್ಟಿದ್ದು ಅಲ್ಲೇ.

ಅವತ್ತು ಅದೇ ಗಾರ್ಡನ್‌ನಲ್ಲಿ ರಿಕ್ಟರ್ ಎದುರಿಗೆ ಬಂದಿದ್ದು ‘ಸ್ಪೈಡರ್’ ಅನ್ನೋ ಮುಸುಕು ಹಾಕ್ಕೊಂಡ ಕುಸ್ತಿಪಟು. ಸಂಬಳದ ವಿಚಾರಕ್ಕೆ ರಿಕ್ಟರ್‌ಗೂ ಕಂಪನಿಗೂ ತಕರಾರು ನಡೀತಿದ್ದ ಕಾಲ. ಮುಸುಕಿನೊಳಗಿದ್ದವರು ಮೂಲಾ. ಒಂದು ಹಂತದಲ್ಲಿ ಸ್ಪೈಡರ್ ರಿಕ್ಟರ್‌ರನ್ನ ಸುತ್ತಿ ನೆಲಕ್ಕೆ ಒತ್ತಿ ಹಿಡೀತಾರೆ, ರೆಫರಿ ಎಣಿಸೋಕೆ ಶುರು ಮಾಡ್ತಾರೆ, ರಿಕ್ಟರ್ ಭುಜ ಎತ್ತುತಾರೆ, ರೆಫರಿ ಆದ್ರೂ ಎಣಿಕೆ ನಿಲ್ಲಿಸದೆ ಮೂರು ಮುಗಿಸಿಬಿಡ್ತಾರೆ. ಏನಾಯ್ತು ಅಂತ ರಿಕ್ಟರ್‌ಗೆ ತಿಳಿಯೋದೇ ಇಲ್ಲ, ಪಂದ್ಯ ಇನ್ನೂ ನಡೀತಿದೆ ಅನ್ನೋ ಹಾಗೆ ಆಡ್ತಾನೇ ಇರ್ತಾರೆ, ಎದುರಾಳಿಯ ಮುಸುಕು ಕಿತ್ತು ಹಾಕ್ತಾರೆ, ಆದ್ರೆ ಬೆಲ್ಟ್ ಮೂಲಾ ಕೈಗೆ ಹೋಗಾಗಿತ್ತು. ಅದಾದ ಮೇಲೆ ರಿಕ್ಟರ್ ಆ ಕಂಪನಿ ಬಿಟ್ಟು ಹೋದ್ರು, 2010ರಲ್ಲಿ ಕಂಪನಿಯ ಗೌರವ ಪಟ್ಟಿ ಹಾಲ್ ಆಫ್ ಫೇಮ್‌ಗೆ ಕರೆದಾಗ ಬಂದ್ರು. ಒಬ್ಬ ಆಟಗಾರ್ತಿ ದುಡ್ಡು ಕೇಳಿದ್ದಕ್ಕೆ ರಿಂಗಿನೊಳಗೇ ಹೀಗೆ ಮಾಡಿದ್ದು ನನಗೆ ಇವತ್ತಿಗೂ ನುಂಗೋಕಾಗಲ್ಲ.

ಇಲ್ಲಿ ಎರಡು ಪದ ಕಾಡ್ತಿವೆ. ನಮ್ಮ ಗರಡಿ ಭಾಷೆಯಲ್ಲಿ ಬೆನ್ನು ಮಣ್ಣಿಗೆ ತಾಗಿದ್ರೆ ‘ಚಿತ್’, ಆ ಕ್ಷಣಕ್ಕೇ ಮುಗೀತು, ಎಣಿಸೋ ಪ್ರಶ್ನೆ ಇಲ್ಲ. ಇಲ್ಲಿನ ‘ಪಿನ್’ ಅಂದ್ರೆ ಎರಡೂ ಭುಜ ನೆಲಕ್ಕೆ ಹತ್ತಿಸಿ ಮೂರು ಎಣಿಸೋವರೆಗೂ ಹಿಡಿದಿಡೋದು, ಮೂರರೊಳಗೆ ಭುಜ ಎತ್ತಿದ್ರೆ ಪಂದ್ಯ ಮುಂದುವರಿಯುತ್ತೆ. ಸ್ಪೈಡರ್ ಪ್ರಸಂಗದ ಇಡೀ ಅನ್ಯಾಯ ಆ ಒಂದು ಭುಜದಲ್ಲೇ ಇದೆ, ‘ಚಿತ್ ಮಾಡಿದ್ರು’ ಅಂತ ಬರೆದ್ರೆ ಅದು ಮಾಯ ಆಗುತ್ತೆ. ನಾನು ಸದ್ಯಕ್ಕೆ ‘ಭುಜ ಒತ್ತಿ ಹಿಡಿದರು’, ‘ಮೂರು ಎಣಿಕೆಗೆ ಸೋತರು’ ಅಂತ ಬರೆದಿದೀನಿ.

ಎರಡನೇದು ‘ಗೆದ್ದರು’. ಫಲಿತಾಂಶ ಮೊದಲೇ ನಿಶ್ಚಯ ಆಗಿರೋ ಆಟದಲ್ಲಿ ಗೆದ್ದರು ಅನ್ನಬಹುದಾ ಅಂತ ಕೆಲವರು ಕೇಳ್ತಾರೆ. ನನಗೇನೋ ಅನ್ನಬಹುದು ಅನ್ಸುತ್ತೆ, ಕಥೆಯೊಳಗೆ ಅದು ಗೆಲುವೇ, ಬಯಲಾಟದಲ್ಲಿ ಭೀಮ ಗೆದ್ದ ಅಂತೀವಲ್ಲ. ಆದ್ರೆ ಕನ್ನಡದಲ್ಲಿ ‘ಸೋಲಿಸು’ ಅನ್ನೋದು ಸೋಲು ಅನ್ನೋದರ ಪ್ರೇರಣಾರ್ಥಕ, ಹಂಗಾಗಿ ‘1985ರಲ್ಲಿ ಮೂಲಾ ರಿಕ್ಟರ್‌ರನ್ನ ಸೋಲಿಸಿದ್ರು’ ಅಂದ್ರೂ ನಡೆಯುತ್ತೆ, ‘ಕಂಪನಿ ರಿಕ್ಟರ್‌ರನ್ನ ಸೋಲಿಸಿತು’ ಅಂದ್ರೂ ನಡೆಯುತ್ತೆ, ಎರಡನೇದೇ ಹೆಚ್ಚು ನಿಜ. ವ್ಯಾಕರಣ ಬಲ್ಲವರು ಈ ಬಳಕೆ ಓದುಗರಿಗೆ ತಟ್ಟನೆ ಹೊಳೆಯುತ್ತಾ ಇಲ್ವಾ ಅಂತ ಹೇಳ್ಬೇಕು.

ಆಮೇಲಿನದು ಬೇಗ ಮುಗಿಸ್ತೀನಿ. 1987ರಲ್ಲಿ ಶೆರಿ ಮಾರ್ಟೆಲ್, 1988ರಲ್ಲಿ ಪ್ಯಾರಿಸ್‌ನಲ್ಲಿ ರಾಕಿನ್ ರಾಬಿನ್, 1990ರಲ್ಲಿ ಪಟ್ಟ ಖಾಲಿ ಬಿತ್ತು. ಇಲ್ಲಿ ‘ವೇಕೆಂಟ್’ಗೆ ‘ತೆರವಾಯ್ತು’ ಅನ್ನೋದು ಎಂಎಲ್‌ಎ ಸೀಟಿನ ಮಾತಾಯ್ತು, ‘ಖಾಲಿ ಬಿತ್ತು’ ನನಗೆ ಹಿಡಿಸಿದೆ. 1993ರ ಡಿಸೆಂಬರ್‌ನಲ್ಲಿ ಟೂರ್ನಿ ನಡೆಸಿ ಮತ್ತೆ ಶುರು ಮಾಡಿದ್ರು, ಅಲಂಡ್ರಾ ಬ್ಲೇಜ್ ಗೆದ್ರು, ನಡುವೆ ಟೋಕಿಯೋದಲ್ಲಿ ಬುಲ್ ನಕಾನೋಗೆ ಸೋತು ಮತ್ತೆ ಗೆದ್ರು. ಕೊನೇ ಸಲ ಚಾಂಪಿಯನ್ ಆಗಿದ್ದಾಗಲೇ 1995ರ ಡಿಸೆಂಬರ್ 18ಕ್ಕೆ ಎದುರು ಕಂಪನಿ ಡಬ್ಲ್ಯೂಸಿಡಬ್ಲ್ಯೂ ಟಿವಿ ಶೋಗೆ ಬಂದು ಆ ಬೆಲ್ಟನ್ನ ಕಸದ ಬುಟ್ಟಿಗೆ ಹಾಕಿದ್ರು. ಹಾಕಿದ್ದು ಬೆಲ್ಟು, ಹೋಗಿದ್ದು ಪಟ್ಟ, ಎರಡಕ್ಕೂ ಬೇರೆ ಬೇರೆ ಪದ ಬೇಕು ಅನ್ನೋದು ಈ ಒಂದು ಘಟನೆಯಿಂದಲೇ ತೀರ್ಮಾನ ಆಗುತ್ತೆ. 1998ರವರೆಗೆ ಹೆಂಗಸರ ಪಟ್ಟವೇ ಅಲ್ಲಿರಲಿಲ್ಲ. 2015ರಲ್ಲಿ ಹಾಲ್ ಆಫ್ ಫೇಮ್ ವೇದಿಕೆ ಮೇಲೆ ಅವರೇ ಕಸದ ಬುಟ್ಟಿಯಿಂದ ಬೆಲ್ಟ್ ವಾಪಸ್ ತೆಗೆದ್ರು. 1998ರಲ್ಲಿ ಜ್ಯಾಕ್ಲಿನ್, ಆಮೇಲೆ ಸೇಬಲ್, ಐವರಿ, 1999ರ ಅಕ್ಟೋಬರ್‌ನಲ್ಲಿ 76ನೇ ವಯಸ್ಸಿಗೆ ಮತ್ತೆ ಮೂಲಾ, ಎಂಟು ದಿನಕ್ಕೆ ಮತ್ತೆ ಐವರಿ, ಮುಂದೆ ಲೀಟಾ, ಟ್ರಿಶ್. 2004ರ ಡಿಸೆಂಬರ್ 6ಕ್ಕೆ ‘ರಾ’ ಅನ್ನೋ ಕಂಪನಿಯ ವಾರದ ಟಿವಿ ಶೋದಲ್ಲಿ ಲೀಟಾ ಮತ್ತು ಟ್ರಿಶ್ ಪಂದ್ಯವನ್ನೇ ಕೊನೇ ದೊಡ್ಡ ಪಂದ್ಯವಾಗಿ ಇಟ್ಟಿದ್ರು, ಲೀಟಾ ಗೆದ್ರು.

ಕಂಪನಿ ತನ್ನ ಹೆಂಗಸರ ಕುಸ್ತಿಪಟುಗಳನ್ನ ಕರೀತಿದ್ದ ‘ಡೀವಾ’ ಅನ್ನೋ ಪದಕ್ಕೆ ಏನು ಮಾಡೋದು? 2008ರಲ್ಲಿ ಡೀವಾಸ್ ಚಾಂಪಿಯನ್‌ಶಿಪ್ ಅಂತ ಇನ್ನೊಂದು ಪಟ್ಟ ಹುಟ್ಟಿತು, ಮೊದಲು ಗೆದ್ದವರು ಮಿಶೆಲ್ ಮೆಕೂಲ್, ಬೆಲ್ಟಿನ ಮೇಲೆ ಗುಲಾಬಿ ಬಣ್ಣದ ದೊಡ್ಡ ಚಿಟ್ಟೆ. 2010ರಲ್ಲಿ ಹಳೇ ಪಟ್ಟ ಲೆಕ್ಕದಲ್ಲಿ ಲೈಲಾ ಹೆಸರಲ್ಲಿತ್ತು, ಆದ್ರೆ ಅವರೂ ಮೆಕೂಲ್‌ರೂ ಬೆಲ್ಟನ್ನ ಎರಡು ಹೋಳು ಮಾಡಿ ಆಳಿಗೊಂದು ಹೊತ್ಕೊಂಡು ತಿರುಗ್ತಿದ್ರು. ಅದೇ ಸೆಪ್ಟೆಂಬರ್‌ನಲ್ಲಿ ಮೆಕೂಲ್ ಆಗಿನ ಡೀವಾಸ್ ಚಾಂಪಿಯನ್ ಮೆಲೀನಾರನ್ನ ಸೋಲಿಸಿದ ಮೇಲೆ ಎರಡೂ ಪಟ್ಟ ಸೇರಿಸಿ, 1956ರಿಂದ ಬಂದ ಹಳೇದನ್ನ ಎತ್ತಿಬಿಟ್ರು, ಉಳಿದಿದ್ದು ಚಿಟ್ಟೆ. ಕನ್ನಡದಲ್ಲಿ ಡೀವಾಗೆ ‘ಬೆಡಗಿ’ ಅಂತ ಸಿನಿಮಾ ಪುಟದಲ್ಲಿ ಬರೀತಾರೆ, ನನಗದು ಇಷ್ಟ ಇಲ್ಲ, ಆದ್ರೆ ಆ ಪದದಲ್ಲಿದ್ದ ಕೀಳುನೋಟ ಅಷ್ಟೇ ಸರಿಯಾಗಿ ಬರೋದು ಬೆಡಗಿಯಲ್ಲೇ. 2015ರ ಫೆಬ್ರವರಿಯಲ್ಲಿ ‘ರಾ’ದಲ್ಲಿ ಹೆಂಗಸರ ಪಂದ್ಯ ಒಂದು ಅರ್ಧ ನಿಮಿಷಕ್ಕೆ ಮುಗಿದುಹೋದಾಗ ಅಭಿಮಾನಿಗಳು ಟ್ವಿಟರ್‌ನಲ್ಲಿ ಅವರಿಗೊಂದು ಅವಕಾಶ ಕೊಡಿ ಅಂತ ಗದ್ದಲ ಎಬ್ಬಿಸಿದ್ರು. 2016ರ ಏಪ್ರಿಲ್ 3ಕ್ಕೆ ಲೀಟಾ ಕೈಯಲ್ಲೇ ಹೊಸ ಬೆಲ್ಟ್ ತೋರಿಸಿ, ಇನ್ಮೇಲೆ ಡೀವಾ ಅನ್ನಲ್ಲ, ಗಂಡಸರ ಹಾಗೇ ಸೂಪರ್‌ಸ್ಟಾರ್ ಅಂತಲೇ ಕರೀತೀವಿ ಅಂತ ಸಾರಿದ್ರು. ಅವತ್ತು ಬೆಕಿ ಲಿಂಚ್, ಸಾಶಾ ಬ್ಯಾಂಕ್ಸ್ ಇಬ್ಬರನ್ನೂ ಎದುರಿಸಿ ಶಾರ್ಲಟ್ ಗೆದ್ರು. 2019ರಲ್ಲಿ ರೆಸಲ್‌ಮೇನಿಯಾದ ಕೊನೇ ಪಂದ್ಯವೇ ಹೆಂಗಸರದಾಯ್ತು, ಬೆಕಿ ಲಿಂಚ್ ಗೆದ್ರು.

ನಮ್ಮ ದೇಶದ ಕವಿತಾ ದೇವಿ, ಹರಿಯಾಣದವರು, 2017ರಲ್ಲಿ ಸಲ್ವಾರ್ ಕಮೀಜ್ ಹಾಕ್ಕೊಂಡೇ ಆ ರಿಂಗಿಗಿಳಿದ್ರು, 2018ರ ರೆಸಲ್‌ಮೇನಿಯಾದಲ್ಲಿ ಹೆಂಗಸರ, ಎಲ್ಲರೂ ಒಟ್ಟಿಗೆ ರಿಂಗಿಗಿಳಿದು ಆಡೋ, ಬ್ಯಾಟಲ್ ರಾಯಲ್‌ನಲ್ಲೂ ಆಡಿದ್ರು. ಆ ಪಂದ್ಯಕ್ಕೆ ಮೊದಲು ಮೂಲಾ ಹೆಸರಿಟ್ಟಿದ್ರು, ಅವರು ತಮ್ಮ ಹತ್ರ ಕಲಿತ ಹುಡುಗಿಯರ ಸಂಪಾದನೆಯಲ್ಲಿ ದೊಡ್ಡ ಪಾಲು ಹೊಡೀತಿದ್ರು ಅನ್ನೋ ದೂರುಗಳು ಮೇಲೆದ್ದು ಹೆಸರು ತೆಗೆದುಹಾಕಿದ್ರು. ‘ಬ್ಯಾಟಲ್ ರಾಯಲ್’ಗೆ ಕನ್ನಡದಲ್ಲಿ ‘ಗುಂಪು ಕುಸ್ತಿ’ ಅಂದ್ರೆ ಸಾಕಾ?

ಹಳಿಯಾಳ, ಗದಗ, ದಾವಣಗೆರೆ, ಮೈಸೂರು ಕಡೆ ಗರಡಿ ಸಂಪರ್ಕ ಇರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ: ಕಳೆದ ವರ್ಷ ಗೆದ್ದವರು ಈ ವರ್ಷ ಸೋತ್ರೆ ಅಲ್ಲಿ ಏನಂತ ಮಾತಾಡ್ಕೊತಾರೆ? ಹೆಂಗಸರಿಗೆ ‘ಪೈಲ್ವಾನ್’ ಅಂತಲೇ ಅಂತಾರಾ, ಬೇರೆ ಮಾತಿದೆಯಾ? ನಾನು ‘ಕುಸ್ತಿಪಟು’ ಅಂತ ಬರೆದಿದೀನಿ, ಅದು ಬರಹದ ಪದ, ಬಾಯಲ್ಲಿ ಬರೋದಲ್ಲ.

ಕೊನೇದು. 2016ರ ಪಟ್ಟಕ್ಕೆ 1956ರದರ ಹೆಸರೇ ಇದೆ, ಆದ್ರೆ ಅದರ ಪರಂಪರೆ ಇದಕ್ಕೆ ಸೇರಲ್ಲ ಅಂತ ಕಂಪನಿಯೇ ಹೇಳುತ್ತೆ. ಆಮೇಲೆ ಹೆಂಗಸರಿಗೆ ಎರಡು ಪಟ್ಟ ಆಗಿದ್ದವು, 2023ರ ಜೂನ್‌ನಲ್ಲಿ ಹೆಸರು ಬದಲಾಯಿಸಿ, ಅಸುಕಾಗೆ ಕೊಟ್ಟಿದ್ದು ಡಬ್ಲ್ಯೂಡಬ್ಲ್ಯೂಇ ವುಮೆನ್ಸ್ ಚಾಂಪಿಯನ್‌ಶಿಪ್, ರಿಯಾ ರಿಪ್ಲಿಗೆ ಕೊಟ್ಟಿದ್ದು ವುಮೆನ್ಸ್ ವರ್ಲ್ಡ್ ಚಾಂಪಿಯನ್‌ಶಿಪ್. ಒಂದಕ್ಕೆ ‘ಮಹಿಳಾ ಪಟ್ಟ’, ಇನ್ನೊಂದಕ್ಕೆ ‘ಮಹಿಳಾ ವಿಶ್ವ ಪಟ್ಟ’ ಅಂತ ಹಾಕಿ, 1956ರದಕ್ಕೆ ‘ಹಳೇ ಪಟ್ಟ’ ಅಂತ ಬರೆದ್ರೆ ಓದೋರಿಗೆ ಮೂರೂ ಬೇರೆ ಬೇರೆ ಅಂತ ತಿಳಿಯುತ್ತಾ, ಇಲ್ಲ ಪ್ರತಿ ಸಲವೂ ಇಸವಿ ಸೇರಿಸಿ ಬರೀಬೇಕಾ?