ಒಂದೇ ಯುಎಸ್‌ಬಿ ಇಂಟರ್‌ಫೇಸ್: ಹಾಡು ಕೇಳೋಕೂ ವೇದಿಕೆಗೂ ಆಗುತ್ತಾ?

ಪಿಟೀಲುಪ್ರಿಯ
ಮನೇಲಿ 24 ಬಿಟ್, 192 ಕಿಲೋಹರ್ಟ್ಸ್ ಫೈಲುಗಳನ್ನ ಹೆಡ್‌ಫೋನಲ್ಲಿ ಕೇಳ್ತೀನಿ. ಕಾರ್ಯಕ್ರಮಗಳಲ್ಲಿ ಲ್ಯಾಪ್‌ಟಾಪಿಂದ ಟ್ರ್ಯಾಕ್ ಹಾಕ್ಕೊಂಡು, ಪೀಜೋ ಪಿಕಪ್ (ಕಂಪನಾನ ವಿದ್ಯುತ್ ಸಿಗ್ನಲ್ ಮಾಡೋ ಸೆನ್ಸರ್) ಇರೋ ಪಿಟೀಲು ನುಡಿಸ್ತೀನಿ. ಎರಡಕ್ಕೂ ಚೀಲದಲ್ಲಿ ಹಿಡಿಯೋ ಒಂದೇ ಇಂಟರ್‌ಫೇಸ್ (ಕಂಪ್ಯೂಟರಿನ ಒಳಗೂ ಹೊರಗೂ ಸದ್ದು ಸಾಗಿಸೋ ಡಬ್ಬ) ಬೇಕು. 192 ಇದ್ರೆ ಸದ್ದೂ ಚೆನ್ನ, ಲೇಟೆನ್ಸಿನೂ (ನುಡಿಸಿದ್ದು ಕಿವಿಗೆ ಬರೋಕೆ ಆಗೋ ತಡ) ಕಡಿಮೆ ಅಂತಾರೆ. ನಿಜವಾ? ಸಣ್ಣ ಡ್ಯಾಕ್ ಡಾಂಗಲ್ (ಡಿಜಿಟಲ್ ಹಾಡನ್ನ ಹೆಡ್‌ಫೋನಿಗೆ ಕೊಡೋ ಪುಟ್ಟ ಅಡಾಪ್ಟರ್) ಸಾಕಾಗಲ್ವಾ?

ಮಂದ್ರಸ್ಥಾಯಿ
ಡಾಂಗಲ್ ಕೇಳೋಕೆ ಸಾಕು. ಪಿಟೀಲು ಎಲ್ಲಿಗೆ ಚುಚ್ತೀರಿ?

ಮಿಕ್ಸರ್‌ಹಿಂದೆ
ನಾನು ಸೌಂಡ್ ಮಾಡೋನು, ಹಾಗಾಗಿ ನನ್ನ ಕಣ್ಣು ಬೇರೆ ಕಡೆ ಹೋಗುತ್ತೆ. ಡಬ್ಬದ ಮೇಲಿನ ಅಂಕಿ ಆಮೇಲೆ, ಮೊದಲು ಇಂಟರ್‌ಫೇಸಿನ ಬೆನ್ನು ತಿರುಗಿಸಿ ನೋಡಿ. ಎರಡಾದ್ರೂ ಬ್ಯಾಲೆನ್ಸ್ಡ್ ಔಟ್‌ಪುಟ್ (ಉದ್ದ ಕೇಬಲಲ್ಲೂ ಗದ್ದಲ ಕಡಿಮೆ ಹಿಡಿಯೋದು) ಬೇಕು. ಕ್ಲಿಕ್ (ತಾಳ ಹಿಡಿಯೋ ಟಿಕ್ ಟಿಕ್ ಸದ್ದು) ನಿಮ್ಮ ಕಿವಿಗೆ ಮಾತ್ರ ಕೇಳಬೇಕು ಅಂದ್ರೆ ನಾಲ್ಕು ಚಾನೆಲ್ ಔಟ್ ಇರೋದನ್ನೇ ತಗೊಳ್ಳಿ. ಎರಡೇ ಇದ್ರೆ ಹೆಡ್‌ಫೋನಿಗೆ ಬರೋದೇ ಸಭೆಗೂ ಹೋಗುತ್ತೆ. ಪೀಜೋಗೆ ಹೈ-ಝಡ್ (ಹೆಚ್ಚು ಇಂಪೀಡೆನ್ಸ್ ಇರೋ) ಇನ್‌ಪುಟ್ ಬೇಕು, ಸುಮಾರು 1 ಮೆಗಾಓಮ್. ಮಾಮೂಲಿ ಲೈನ್ ಇನ್‌ಪುಟ್ಟಿಗೆ ಚುಚ್ಚಿದ್ರೆ ಮಂದ್ರ ಪೂರ್ತಿ ಸೋರಿಹೋಗಿ ಪಿಟೀಲು ಸೊಳ್ಳೆ ಥರ ಕೇಳುತ್ತೆ.

ಲೇಟೆನ್ಸಿ ಮಾತು ಅರ್ಧ ನಿಜ. 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತಗೊಳ್ಳೋ ಸದ್ದಿನ ತುಣುಕು) 48 ಕಿಲೋಹರ್ಟ್ಸಲ್ಲಿ 2.7 ಮಿಲಿಸೆಕೆಂಡ್, 96ರಲ್ಲಿ 1.3. ಆದ್ರೆ ಕಂಪ್ಯೂಟರ್ ಅಷ್ಟೇ ಹೊತ್ತಲ್ಲಿ ಎರಡು ಪಟ್ಟು ಸ್ಯಾಂಪಲ್ ಅರೀಬೇಕು. ಚಟಪಟ ಶುರುವಾಗುತ್ತೆ, ನೀವು ಬಫರನ್ನ 256ಕ್ಕೆ ಏರಿಸ್ತೀರಿ, ಅಲ್ಲಿಗೆ ಲೆಕ್ಕ ಮತ್ತೆ 2.7. ಲೇಟೆನ್ಸಿ ನಿಜವಾಗಿ ನಿಂತಿರೋದು ಡ್ರೈವರ್ ಮೇಲೆ. ವಿಂಡೋಸ್ ಆದ್ರೆ ತಯಾರಕರದ್ದೇ ಎಎಸ್‌ಐಒ ಡ್ರೈವರ್ (ಕಡಿಮೆ ತಡಕ್ಕೆ ಮಾಡಿದ ಆಡಿಯೋ ಡ್ರೈವರ್) ಇದೆಯಾ ನೋಡಿ. ಪಿಟೀಲಿಗೆ ಎಫೆಕ್ಟ್ ಬೇಡ ಅಂದ್ರೆ ಡೈರೆಕ್ಟ್ ಮಾನಿಟರ್ ಒತ್ತಿಬಿಡಿ, ಸದ್ದು ಕಂಪ್ಯೂಟರಿಗೆ ಹೋಗದೆ ನೇರ ಕೇಳುತ್ತೆ, ಈ ತಲೆನೋವೇ ಇಲ್ಲ.

ಬಿಟ್ ಲೆಕ್ಕಾನೂ ಹೀಗೇ. ಅತಿ ಮೆಲು ಸದ್ದಿಗೂ ಅತಿ ಜೋರಿಗೂ ಇರೋ ಅಂತರ 24 ಬಿಟ್‌ಗೆ ಕಾಗದದ ಮೇಲೆ 144 ಡೆಸಿಬಲ್. ಒಳ್ಳೆ ಇಂಟರ್‌ಫೇಸುಗಳೇ 120ರ ಆಸುಪಾಸಲ್ಲಿ ನಿಲ್ತವೆ. ಜನ ಕೆಮ್ಮೋ ಸಭಾಂಗಣದಲ್ಲಿ ಅದೂ ಜಾಸ್ತೀನೇ.

ಮನೇಲಿ ಫೈಲಿನ ರೇಟಿಗೇ ಇಟ್ಕೊಂಡು ಕೇಳಿ, ಬೇಡ ಅನ್ನಲ್ಲ. ವೇದಿಕೆ ಹತ್ತೋ ಮೊದಲು ಮಾತ್ರ ಟ್ರ್ಯಾಕುಗಳೆಲ್ಲ ಒಂದೇ ರೇಟಲ್ಲಿ ಇರ್ಲಿ, 48 ಆದ್ರೆ 48. 44.1ರ ಫೈಲು ಪರಿವರ್ತನೆ ಆಗದೆ 48ರಲ್ಲಿ ಓಡಿದ್ರೆ ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ ಏರುತ್ತೆ. ಪಿಟೀಲಿನವರಿಗೆ ಇದಕ್ಕಿಂತ ಶಿಕ್ಷೆ ಬೇಕಾ?

ಪಿಟೀಲುಪ್ರಿಯ
ಅಯ್ಯೋ, ಬೇಡಪ್ಪ! ಹಾಗಾದ್ರೆ ನಾಲ್ಕು ಔಟ್ ಇರೋದೇ ಹುಡುಕ್ತೀನಿ. ಇನ್ನೊಂದು: ಲ್ಯಾಪ್‌ಟಾಪ್ ಬದಲು ಆಂಡ್ರಾಯ್ಡ್ ಫೋನ್ ಇಟ್ಕೊಂಡ್ರೆ?

ಮಂದ್ರಸ್ಥಾಯಿ
ಕೇಳೋಕೆ ಪರವಾಗಿಲ್ಲ. ಎಷ್ಟೋ ಫೋನುಗಳು ಎಲ್ಲಾನೂ 48ಕ್ಕೆ ತಿರುಗಿಸಿ ಕಳಿಸ್ತವೆ. ಬಿಟ್-ಪರ್ಫೆಕ್ಟ್ (ಫೈಲನ್ನ ಬದಲಿಸದೆ ಹಾಗೇ ಕಳಿಸೋ) ಯುಎಸ್‌ಬಿ ಸೌಲಭ್ಯ ಆಂಡ್ರಾಯ್ಡ್ 14ರಲ್ಲಿ ಬಂತು, ಆದ್ರೆ ಫೋನೂ ಆ್ಯಪೂ ಎರಡೂ ಒಪ್ಪಬೇಕು. ಇಂಟರ್‌ಫೇಸಿಗೆ ಫೋನಿನ ಕರೆಂಟು ಸಾಲದೆ ಹೋಗಬಹುದು, ಹೊರಗಿಂದ ಪವರ್ ಕೊಡೋ ಹಬ್ ಇಟ್ಕೊಳ್ಳಿ.

ಮಿಕ್ಸರ್‌ಹಿಂದೆ
ಜೊತೆಗೆ ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕಿ. ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಿದ ತಕ್ಷಣ ಗುಂಯ್ ಅಂದ್ರೆ ಬ್ಯಾಟರಿಯಲ್ಲಿ ಓಡಿಸಿ, ಇಲ್ಲಾ ಔಟ್‌ಪುಟ್ಟಿಗೆ ಟ್ರಾನ್ಸ್‌ಫಾರ್ಮರ್ ಇರೋ ಡಿಐ ಬಾಕ್ಸ್ (ಮಿಕ್ಸರಿಗೆ ಸಿಗ್ನಲ್ ಹೊಂದಿಸಿ ಕಳಿಸೋ ಡಬ್ಬಿ) ಹಾಕಿ, ಅದರ ಗ್ರೌಂಡ್ ಲಿಫ್ಟ್ (ಸಿಗ್ನಲ್ ಕೇಬಲಿನ ಗ್ರೌಂಡ್ ಬಿಡಿಸೋ ಗುಂಡಿ) ಒತ್ತಿ. ಪ್ಲಗ್ಗಿನ ಅರ್ತ್ ಪಿನ್ ಕೀಳೋ ಉಪಾಯ ಯಾರಾದ್ರೂ ಹೇಳಿದ್ರೆ ಕೇಳಬೇಡಿ, ಜೀವಕ್ಕೆ ಅಪಾಯ.