ಭೂಗೋಳ ಸ್ಪರ್ಧೆಗೆ ಹವಾಮಾನ ಮತ್ತು ವಾಯುಗುಣ: ವ್ಯಾಖ್ಯೆ ಗೊತ್ತಿದ್ದರೂ ‘ಏಕೆ’ ಎಂದು ಕೇಳಿದರೆ ತಡವರಿಸುತ್ತೇನೆ

ಪ್ರಶ್ನೆ

ವಿದ್ಯಾರ್ಥಿಗಳಿಗಾಗಿ ನಡೆಯುವ ಭೂಗೋಳ ಸ್ಪರ್ಧೆಯೊಂದಕ್ಕೆ ಓದಿಕೊಳ್ಳುತ್ತಿದ್ದೇನೆ. ಸಮಭಾರ ರೇಖೆ, ಇಬ್ಬನಿ ಬಿಂದು, ವಾಣಿಜ್ಯ ಮಾರುತ ಎಂದರೇನು ಎಂದು ಕೇಳಿದರೆ ತಪ್ಪಿಲ್ಲದೆ ಹೇಳಬಲ್ಲೆ. ಆದರೆ ಅಭ್ಯಾಸದ ಪ್ರಶ್ನೆಪತ್ರಿಕೆಯಲ್ಲಿ ‘ಏಕೆ’ ಎಂಬ ಪದ ಕಂಡೊಡನೆ ಕೈ ನಿಂತುಬಿಡುತ್ತದೆ. ಸದ್ಯ ಮೂರು ಕಡೆ ಸಿಕ್ಕಿಕೊಂಡಿದ್ದೇನೆ. ಹವಾಮಾನಕ್ಕೂ ವಾಯುಗುಣಕ್ಕೂ ಇರುವ ವ್ಯತ್ಯಾಸ ಕೇವಲ ಕಾಲಾವಧಿಯದೇ? ಸಮಭಾಜಕ ವೃತ್ತಕ್ಕೆ ಅಷ್ಟು ಹತ್ತಿರವಿರುವ ಈಕ್ವೆಡಾರ್‌ನ ಕ್ವಿಟೊ ನಗರ ವರ್ಷವಿಡೀ ತಂಪಾಗಿರುವುದೇಕೆ? ಸಾಪೇಕ್ಷ ಆರ್ದ್ರತೆ (ಆ ಉಷ್ಣಾಂಶದಲ್ಲಿ ಇರಬಹುದಾದ ಗರಿಷ್ಠ ನೀರಾವಿಯಲ್ಲಿ ಎಷ್ಟು ಪಾಲು ಗಾಳಿಯಲ್ಲಿದೆ ಎಂಬ ಅಳತೆ) ಶೇಕಡಾ 100ರ ಹತ್ತಿರವಿದ್ದರೂ ಅತಿ ಶೀತಲ ಪ್ರದೇಶದ ಗಾಳಿಯನ್ನು ಒಣ ಗಾಳಿ ಎಂದು ಕರೆಯುವುದೇಕೆ?

ಉತ್ತರ 1

ಮೊದಲ ಗೊಂದಲಕ್ಕೆ ನಮ್ಮ ಭಾಷೆಯ ಬಳಕೆಯೂ ಸ್ವಲ್ಪ ಕಾರಣ. ಪಠ್ಯಪುಸ್ತಕಗಳು ‘ಹವಾಮಾನ’ ಮತ್ತು ‘ವಾಯುಗುಣ’ ಎಂದು ಬೇರ್ಪಡಿಸಿ ಹೇಳುತ್ತವೆ, ಪತ್ರಿಕೆಗಳು ಮಾತ್ರ ಜಾಗತಿಕ ವಾಯುಗುಣದ ಬದಲಾವಣೆಯನ್ನೂ ‘ಹವಾಮಾನ ಬದಲಾವಣೆ’ ಎಂದೇ ಬರೆಯುತ್ತವೆ. ಸ್ಪರ್ಧೆಯಲ್ಲಿ ಪಠ್ಯದ ಬಳಕೆಯನ್ನೇ ಹಿಡಿದುಕೊಳ್ಳಿ.

ವ್ಯತ್ಯಾಸ ಕಾಲಾವಧಿಯದು ಎಂಬುದು ನಿಜವೇ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಉತ್ತರ ಅರ್ಧವಾಗುತ್ತದೆ. ಒಂದು ಸ್ಥಳದಲ್ಲಿ ಒಂದು ಹೊತ್ತಿನಲ್ಲಿ ವಾಯುಮಂಡಲ ಇರುವ ಸ್ಥಿತಿಯೇ ಹವಾಮಾನ. ವಾಯುಗುಣವೆಂದರೆ ಅಂತಹ ಸ್ಥಿತಿಗಳ ದೀರ್ಘಕಾಲದ ಸರಾಸರಿ ಮಾತ್ರವಲ್ಲ, ಅವು ಎಷ್ಟು ಏರುಪೇರಾಗಬಲ್ಲವು, ಯಾವ ತಿಂಗಳಲ್ಲಿ ಏನನ್ನು ನಿರೀಕ್ಷಿಸಬಹುದು, ಅತಿರೇಕಗಳು ಎಷ್ಟು ಅಪರೂಪ ಎಂಬುದೂ ಅದರೊಳಗೇ ಸೇರಿದೆ. ವಿಶ್ವ ಹವಾಮಾನ ಸಂಸ್ಥೆ ಇದಕ್ಕೆ 30 ವರ್ಷಗಳ ಅವಧಿಯನ್ನು ಮಾನದಂಡವಾಗಿ ಇಟ್ಟುಕೊಂಡಿದ್ದು, 1991ರಿಂದ 2020ರವರೆಗಿನ ಅಂಕಿಗಳು ಈಗ ಬಳಕೆಯಲ್ಲಿವೆ. ಎರಡು ಊರುಗಳ ವಾರ್ಷಿಕ ಸರಾಸರಿ ಉಷ್ಣಾಂಶ ಒಂದೇ ಆಗಿದ್ದು, ಒಂದರಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ನಡುವೆ 5 ಡಿಗ್ರಿ, ಇನ್ನೊಂದರಲ್ಲಿ 30 ಡಿಗ್ರಿ ಅಂತರವಿದ್ದರೆ ಅವುಗಳ ವಾಯುಗುಣ ಒಂದೇ ಆಗುವುದಿಲ್ಲ.

ಕ್ವಿಟೊ ತಂಪಾಗಿರಲು ಕಾರಣ ಅದರ ಎತ್ತರ. ಅದು ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಮೇಲಿದೆ. ಪ್ರತಿ ಸಾವಿರ ಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಂತೆ ಉಷ್ಣಾಂಶ ಇಳಿಯುತ್ತದೆ.

ಉತ್ತರ 2

ಮೇಲಿನ ಉತ್ತರ ಸರಿಯಾಗಿದೆ. ಆದರೆ ‘ಎತ್ತರಕ್ಕೆ ಹೋದಂತೆ ತಂಪು’ ಎಂಬುದೇ ಒಂದು ವ್ಯಾಖ್ಯೆಯಂತಾಗಿ ಉಳಿದುಬಿಡುತ್ತದೆ ಎಂಬ ಆತಂಕ ನನಗಿದೆ, ಏಕೆಂದರೆ ಪರೀಕ್ಷಕರು ಕೇಳುವುದು ಅದರ ಹಿಂದಿನ ಕಾರಣವನ್ನು. ಸೂರ್ಯನ ಬೆಳಕಿನ ಹೆಚ್ಚಿನ ಭಾಗ ಗಾಳಿಯನ್ನು ನೇರವಾಗಿ ಬಿಸಿ ಮಾಡದೆ ದಾಟಿ ಬಂದು ನೆಲವನ್ನು ಕಾಯಿಸುತ್ತದೆ, ಕಾದ ನೆಲ ತನ್ನ ಮೇಲಿನ ಗಾಳಿಗೆ ಆ ಶಾಖವನ್ನು ಕೊಡುತ್ತದೆ. ಅಂದರೆ ವಾಯುಮಂಡಲಕ್ಕೆ ಒಲೆ ಇರುವುದು ಕೆಳಗೆ. ಇದರ ಜೊತೆಗೆ, ಮೇಲೇರುವ ಗಾಳಿ ಒತ್ತಡ ಕಡಿಮೆಯಿರುವಲ್ಲಿ ಹಿಗ್ಗುತ್ತದೆ, ಹಿಗ್ಗಲು ತನ್ನದೇ ಶಾಖವನ್ನು ವ್ಯಯಿಸಿ ತಣ್ಣಗಾಗುತ್ತದೆ. ಈ ಎರಡು ವಾಕ್ಯಗಳು ಮನಸ್ಸಿನಲ್ಲಿ ಗಟ್ಟಿಯಾದರೆ ಮೋಡ, ಮಳೆ ಮತ್ತು ಮರುಭೂಮಿಗಳ ಕಾರಣವನ್ನು ನೀವೇ ಕಟ್ಟಿಕೊಳ್ಳಬಹುದು.

ಸಮಭಾಜಕ ವೃತ್ತದ ಬಳಿ ಕಾದ ಗಾಳಿ ಮೇಲೇರಿ, ತಣಿದು, ಮಳೆ ಸುರಿಸುತ್ತದೆ. ಅದೇ ಗಾಳಿ ಸುಮಾರು 30 ಡಿಗ್ರಿ ಅಕ್ಷಾಂಶಗಳ ಆಸುಪಾಸಿನಲ್ಲಿ ಕೆಳಗಿಳಿಯುವಾಗ ಒತ್ತಲ್ಪಟ್ಟು ಬಿಸಿಯಾಗುವುದರಿಂದ ಮೋಡ ಕಟ್ಟುವುದಿಲ್ಲ. ಸಹಾರಾ, ಕಲಹರಿ ಮತ್ತು ಆಸ್ಟ್ರೇಲಿಯಾದ ಮರುಭೂಮಿಗಳು ಈ ಇಳಿಗಾಳಿಯ ಪಟ್ಟಿಯಲ್ಲೇ ಇರುವುದು ಆಕಸ್ಮಿಕವಲ್ಲ.

ಇದನ್ನು ಪರೀಕ್ಷಿಸಿಕೊಳ್ಳಲು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಶ್ರೇಣಿಗಿಂತ ಉತ್ತಮ ಉದಾಹರಣೆ ನನಗೆ ತಿಳಿದಿಲ್ಲ. ದಕ್ಷಿಣ ಅಕ್ಷಾಂಶ 20ರಿಂದ 25 ಡಿಗ್ರಿಯ ನಡುವೆ ಆ ಶ್ರೇಣಿಯ ಪಶ್ಚಿಮಕ್ಕೆ ಅಟಕಾಮ ಮರುಭೂಮಿಯಿದೆ. ಪೂರ್ವದಿಂದ ಬರುವ ತೇವದ ಗಾಳಿಯನ್ನು ಪರ್ವತ ತಡೆಯುತ್ತದೆ, ಮೇಲಿನಿಂದ ಇಳಿಗಾಳಿ ಒತ್ತುತ್ತದೆ, ಕರಾವಳಿಯುದ್ದಕ್ಕೂ ಹರಿಯುವ ಪೆರು ಶೀತ ಪ್ರವಾಹ ಕೆಳಗಿನ ಗಾಳಿಯನ್ನು ತಣ್ಣಗಿರಿಸಿ ಮೇಲೇರದಂತೆ ಮಾಡುತ್ತದೆ. ಅದೇ ಶ್ರೇಣಿಯಗುಂಟ 40 ಡಿಗ್ರಿಯಾಚೆ ದಕ್ಷಿಣಕ್ಕೆ ಸಾಗಿದರೆ ಚಿತ್ರ ತಿರುವುಮುರುವಾಗುತ್ತದೆ: ಅಲ್ಲಿ ಪಶ್ಚಿಮ ಮಾರುತಗಳು ಬೀಸುವುದರಿಂದ ಚಿಲಿಯ ಕಡೆ ದಟ್ಟ ಮಳೆಕಾಡು, ಪೂರ್ವಕ್ಕೆ ಮಳೆ ನೆರಳಿನಲ್ಲಿ, ಅಂದರೆ ಪರ್ವತದ ಮರೆಯಿಂದಾಗಿ ಮಳೆ ತಲುಪದ ಬದಿಯಲ್ಲಿ, ಒಣಗಿದ ಪೆಟಗೋನಿಯಾ. ಪರ್ವತ ಒಂದೇ, ಗಾಳಿಯ ದಿಕ್ಕು ಬೇರೆ. ಆದ್ದರಿಂದ ‘ಮಳೆ ನೆರಳು ಯಾವ ಬದಿಗೆ?’ ಎಂಬ ಪ್ರಶ್ನೆ ಬಂದಾಗ ನಕ್ಷೆಯಲ್ಲಿ ಮೊದಲು ನೋಡಬೇಕಾದದ್ದು ಅಕ್ಷಾಂಶವನ್ನು, ನಂತರ ಅಲ್ಲಿ ಬೀಸುವ ಮಾರುತವನ್ನು.

ಆರ್ದ್ರತೆಯ ವಿಷಯಕ್ಕೆ ಬಂದರೆ, ಬಿಸಿ ಗಾಳಿಯು ದೊಡ್ಡ ಪಾತ್ರೆಯಂತೆ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ತಿಳಿದರೆ ಸಾಕು.

ಉತ್ತರ 3

ಪಾತ್ರೆಯ ಹೋಲಿಕೆಯನ್ನು ದಯವಿಟ್ಟು ಬರವಣಿಗೆಯಲ್ಲಿ ಬಳಸಬೇಡಿ. ಗಾಳಿಯ ಅಣುಗಳ ನಡುವೆ ನೀರಾವಿಗೆಂದು ಮೀಸಲಾದ ಜಾಗವೇನೂ ಇಲ್ಲ. ಉಷ್ಣಾಂಶ ಹೆಚ್ಚಿದಂತೆ ನೀರಿನ ಮೇಲ್ಮೈಯಿಂದ ಅಣುಗಳು ಹೆಚ್ಚು ವೇಗವಾಗಿ ಹಾರಿಹೋಗುತ್ತವೆ, ಹಾರಿಹೋಗುವವೂ ಮರಳುವವೂ ಸರಿಸಮವಾಗುವ ಹಂತವೇ ಸಂತೃಪ್ತ ಸ್ಥಿತಿ, ಮತ್ತು ಬಿಸಿಯಿದ್ದಾಗ ಆ ಸಮತೋಲ ಹೆಚ್ಚು ನೀರಾವಿಯೊಂದಿಗೆ ಏರ್ಪಡುತ್ತದೆ.

ಅಂಕಿಗಳಲ್ಲಿ ನೋಡಿದರೆ ನಿಮ್ಮ ಮೂರನೆಯ ಪ್ರಶ್ನೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಸಂತೃಪ್ತ ಸ್ಥಿತಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ, 10 ಡಿಗ್ರಿಯಲ್ಲಿ ಸುಮಾರು 9.4 ಗ್ರಾಂ, ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ ಕೇವಲ 1 ಗ್ರಾಂನಷ್ಟು ನೀರಾವಿ ಇರುತ್ತದೆ. ಹೀಗಾಗಿ 30 ಡಿಗ್ರಿಯ, ಶೇಕಡಾ 40ರಷ್ಟು ಸಾಪೇಕ್ಷ ಆರ್ದ್ರತೆಯ ಗಾಳಿಯಲ್ಲಿ 12 ಗ್ರಾಂ ನೀರಾವಿ ಇರುತ್ತದೆ. ಅದು 10 ಡಿಗ್ರಿಯ ಸಂಪೂರ್ಣ ಸಂತೃಪ್ತ ಗಾಳಿಯಲ್ಲಿರುವುದಕ್ಕಿಂತ ಹೆಚ್ಚು. ಅಂಟಾರ್ಕ್ಟಿಕದ ಒಳಭಾಗದಲ್ಲಿ ಒಂದು ವರ್ಷ ಬೀಳುವ ಹಿಮವನ್ನು ಕರಗಿಸಿ ಅಳೆದರೆ ಸುಮಾರು 50 ಮಿಲಿಮೀಟರ್ ಮಾತ್ರ, ಆದ್ದರಿಂದಲೇ ಅದನ್ನು ಶೀತ ಮರುಭೂಮಿ ಎನ್ನುವುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಆಂಡಿಸ್ ನಕ್ಷೆಯನ್ನು ಎದುರಿಗಿಟ್ಟುಕೊಂಡು ಮತ್ತೆ ಮತ್ತೆ ನೋಡಿದೆ, ಈಗ ಸ್ಪಷ್ಟವಾಯಿತು. ಒಂದು ಲೆಕ್ಕ ಮಾತ್ರ ಹೊಂದುತ್ತಿಲ್ಲ. ಸಮುದ್ರಮಟ್ಟದಲ್ಲಿ 27 ಡಿಗ್ರಿ ಎಂದಿಟ್ಟುಕೊಂಡು 2,850 ಮೀಟರಿಗೆ 18.5 ಡಿಗ್ರಿ ಕಳೆದರೆ ಕ್ವಿಟೊಗೆ 8.5 ಡಿಗ್ರಿ ಬರುತ್ತದೆ. ಆದರೆ ಅಲ್ಲಿನ ಸರಾಸರಿ ಸುಮಾರು 14ರಿಂದ 15 ಡಿಗ್ರಿ ಎಂದು ಓದಿದ್ದೇನೆ. ನನ್ನ ತಪ್ಪು ಎಲ್ಲಿದೆ?

ಉತ್ತರ 2 ಬರೆದವರಿಂದ

ತಪ್ಪು ನಿಮ್ಮ ಲೆಕ್ಕದಲ್ಲಿಲ್ಲ, ಮತ್ತು ಈ ವ್ಯತ್ಯಾಸವನ್ನು ನೀವೇ ಗಮನಿಸಿದ್ದು ಬಹಳ ಸಂತೋಷ ತಂದಿತು. 6.5 ಎಂಬುದು ನೆಲದಿಂದ ದೂರವಿರುವ ಮುಕ್ತ ಗಾಳಿಗೆ ಅನ್ವಯಿಸುವ ಸರಾಸರಿ. ಕ್ವಿಟೊ ಇರುವುದು ಗಾಳಿಯಲ್ಲಿ ಒಂಟಿಯಾಗಿ ನಿಂತ ಶಿಖರದ ತುದಿಯಲ್ಲಲ್ಲ, ವಿಶಾಲವಾದ ಎತ್ತರದ ಕಣಿವೆಯಲ್ಲಿ. ಅಲ್ಲಿನ ನೆಲವೂ ಬಿಸಿಲನ್ನು ಹೀರಿ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಒಲೆಯನ್ನೇ ಅಷ್ಟು ಎತ್ತರಕ್ಕೆ ಎತ್ತಿಟ್ಟಂತೆ. ಪಾತ್ರೆಯ ಹೋಲಿಕೆಯ ತಿದ್ದುಪಡಿಯನ್ನೂ ಒಪ್ಪಿಕೊಳ್ಳುತ್ತೇನೆ.

ಉತ್ತರ 3 ಬರೆದವರಿಂದ

ಅಭ್ಯಾಸಕ್ಕೆ ಇದನ್ನು ಬಿಡಿಸಿ. ಸಮುದ್ರಮಟ್ಟದ ಒಂದು ಸ್ಥಳದಲ್ಲಿ ಜನವರಿಯ ಸರಾಸರಿ ಉಷ್ಣಾಂಶ ಸುಮಾರು 21 ಡಿಗ್ರಿ, ಜುಲೈ ತಿಂಗಳದು 12 ಡಿಗ್ರಿ. ಮಳೆಯ ಬಹುಪಾಲು ಮೇ ತಿಂಗಳಿಂದ ಆಗಸ್ಟ್‌ವರೆಗೆ, ವರ್ಷದ ಒಟ್ಟು ಮಳೆ ಸುಮಾರು 500 ಮಿಲಿಮೀಟರ್. ಇದು ಯಾವ ವಾಯುಗುಣ?

ಪ್ರಶ್ನೆ ಕೇಳಿದವರಿಂದ

ಜುಲೈ ತಂಪಾಗಿರುವುದರಿಂದ ದಕ್ಷಿಣ ಗೋಳಾರ್ಧ. ಬೇಸಿಗೆಗೂ ಚಳಿಗಾಲಕ್ಕೂ ಅಂತರ 9 ಡಿಗ್ರಿ ಮಾತ್ರ ಇರುವುದರಿಂದ ಸಾಗರಕ್ಕೆ ಹತ್ತಿರ. ಮಳೆ ಚಳಿಗಾಲದಲ್ಲಿ ಬೀಳುವುದರಿಂದ ಮೆಡಿಟರೇನಿಯನ್ ವಾಯುಗುಣ. ಆಫ್ರಿಕಾದ ನೈಋತ್ಯ ತುದಿ ಇರಬಹುದೇ?

ಉತ್ತರ 3 ಬರೆದವರಿಂದ

ಹೌದು, ಅವು ಕೇಪ್ ಟೌನ್ ನಗರದ ಅಂಕಿಗಳು. ಮೊದಲು ಗೋಳಾರ್ಧವನ್ನು ನಿರ್ಧರಿಸಿದ ನಿಮ್ಮ ಕ್ರಮವೇ ಸರಿಯಾದ ಕ್ರಮ. ಉತ್ತರಕ್ಕೆ ಕಾರಣವನ್ನೂ ಸೇರಿಸಿ: ಬೇಸಿಗೆಯಲ್ಲಿ ಅಧಿಕ ಒತ್ತಡದ ಪಟ್ಟಿ (ಮೇಲೆ ಹೇಳಿದ ಇಳಿಗಾಳಿಯ ಪಟ್ಟಿ) ದಕ್ಷಿಣಕ್ಕೆ ಸರಿದು ಮಳೆಯನ್ನು ತಡೆಯುತ್ತದೆ, ಚಳಿಗಾಲದಲ್ಲಿ ಅದು ಉತ್ತರಕ್ಕೆ ಹಿಂದೆಗೆದಾಗ ಪಶ್ಚಿಮ ಮಾರುತಗಳು ಮಳೆ ತರುವ ಕಡಿಮೆ ಒತ್ತಡದ ಆವರ್ತಗಳನ್ನು ಹೊತ್ತು ಆ ಕರಾವಳಿಯನ್ನು ಮುಟ್ಟುತ್ತವೆ.