ಸಹಾಯ ಬೇಕು: ಮಳೆ ಲೆಕ್ಕದ ವೆಬ್‌ಸೈಟ್‌ಗೆ ಮುಂದೆ ಏನು ಸೇರಿಸಬೇಕು, ಹೇಗೆ ತೀರ್ಮಾನಿಸೋದು?

ಎಲ್ಲರಿಗೂ ನಮಸ್ಕಾರ. ನಾವು ಮೂಡಿಗೆರೆ ಕಡೆಯವರು. ಕಾಫಿ ಬೆಳೆಗಾರರು ತಮ್ಮ ತೋಟದ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲೇ ಬರೆದಿಡಲಿ ಎಂದು ಗೆಳೆಯರು ಸೇರಿ ಒಂದು ಸಣ್ಣ ವೆಬ್‌ಸೈಟ್ ಮಾಡಿದ್ದೇವೆ. ಸಕಲೇಶಪುರ, ಆಲ್ದೂರು ಕಡೆಯವರೂ ಬಳಸುತ್ತಿದ್ದಾರೆ.

ಮುಂದೆ ಏನು ಬೇಕು ಎಂದು ಬಳಸುವವರನ್ನೇ ಕೇಳಿದೆವು. ಜಾಸ್ತಿ ಓಟು ಬಿದ್ದಿದ್ದು ಕಾಫಿ ರೇಟಿಗೆ. 50 ಕೆಜಿ ಮೂಟೆಗೆ ಅರೇಬಿಕಾ ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ) ಎಷ್ಟು, ರೋಬಸ್ಟಾ ಚೆರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ಎಷ್ಟು, ದಿನಾ ತೋರಿಸಿ ಅಂತ. ಆದರೆ ರೇಟು ಹೇಗೂ ವಾಟ್ಸಾಪ್‌ನಲ್ಲಿ ಬರುತ್ತದೆ ಅಲ್ವಾ?

ಒಬ್ಬ ಹಿರಿಯರು ಮಾತ್ರ ಫೋನ್ ಮಾಡಿ, "ಮಳೆ ಬಂದ ದಿನ ಕರೆಂಟೂ ಇರಲ್ಲ, ಟವರೂ ಇರಲ್ಲ. ನೆಟ್‌ವರ್ಕ್ ಇಲ್ಲದೆಯೂ ಬರೆಯೋ ಹಾಗೆ ಮಾಡಿ" ಅಂದರು. ನನಗೆ ಇದೇ ಮುಖ್ಯ ಅನಿಸುತ್ತದೆ. ಕಾಫಿ ಗಿಡ ಹೂ ಬಿಡಿಸುವ ಹೂ ಮಳೆ ಯಾವತ್ತು ಬಂತು, ಎಷ್ಟು ಬಂತು ಎಂದು ಗೊತ್ತಿದ್ದರೆ ತಾನೇ, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆಗೆ ಕಾಯಬೇಕೋ, ಸ್ಪ್ರಿಂಕ್ಲರ್ ಹಾಕಬೇಕೋ ಎಂದು ಯೋಚಿಸಲು ಆಗೋದು? ನೆಟ್‌ವರ್ಕ್ ಇಲ್ಲದವರು ಓಟು ಹಾಕೋದಾದರೂ ಹೇಗೆ? ಹಾಗಂತ ಅಷ್ಟು ಜನ ಕೇಳಿದ್ದನ್ನು ಸುಮ್ನೆ ಪಕ್ಕಕ್ಕಿಡಲೂ ಮನಸ್ಸಿಲ್ಲ. ಸಮಯ ಕೊಟ್ಟು ಬರೆದಿದ್ದಾರೆ.

ಸೊಸೈಟಿಗೋ ಸಂಘಕ್ಕೋ ಇಂಥ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ. ಓಟು ಹಾಕದವರ ಮಾತು ಹೇಗೆ ತಿಳಿದುಕೊಂಡಿರಿ? ಸಂತೆ ದಿನ ಕೂತು ಕೇಳಿದರೆ ಆಗುತ್ತಾ, ಮನೆಗೇ ಹೋಗಬೇಕಾ? "ಇದು ಈಗ ಆಗಲ್ಲ" ಅನ್ನೋದನ್ನು ಕೇಳಿದವರಿಗೆ ಬೇಜಾರಾಗದ ಹಾಗೆ ಹೇಗೆ ತಿಳಿಸಿದಿರಿ? ಹೂ ಮಳೆ ಶುರುವಾಗುವ ಮೊದಲೇ ತೀರ್ಮಾನ ಆಗಬೇಕು.